ಹೇಮಾ ಟೀಚರ ನಂಬರ್

ಗಾಳೇಶ ಮೊದಲ ಸಲ ಹೇಮಾಳನ್ನು ನೋಡಿದ್ದು ಹಿಟ್ನಾಳದ ಅವಳ ಮನೆಯ ಪಡಸಾಲೆಯಲ್ಲಿ. ಕೈಯಲ್ಲಿ ಚಹಾದ ತಟ್ಟೆ, ಹೆಗಲಿಗೂ ಕಿವಿಗೂ ನಡುವೆ ಮೊಬೈಲು!

"ಬರ್ಕೋರಿ ಸರ್... ನಾಕು, ಒಂಬತ್ತು, ಸೊನ್ನಿ, ಎರಡು..."

ಹೆಣ್ಣು ನೋಡಲು ಬಂದವರು ಮುಖ ಮುಖ ನೋಡಿಕೊಂಡರು. ಹೇಮಾಳ ಅಜ್ಜಿ ಮುದುಕವ್ವ ಹಣೆ ಚಚ್ಚಿಕೊಂಡಳು. ಗಾಳೇಶ ಮಾತ್ರ ಎದ್ದು ಬಂದು, ಅವಳ ಕೈಯ ತಟ್ಟೆ ಇಸಿದುಕೊಂಡು, ತಾನೇ ಎಲ್ಲರಿಗೂ ಚಹಾ ಕೊಟ್ಟ.

ಹೇಮಾ ಫೋನು ಇಳಿಸಿ ಅವನನ್ನೇ ನೋಡಿದಳು. ಇಂಥ ಗಂಡಸೂ ಇರುತ್ತಾನಾ...

ಹಿತ್ತಲಲ್ಲಿ ಇಬ್ಬರೇ ಮಾತಾಡಿದಾಗ ಅವಳು ಎಲ್ಲ ಹೇಳಿಕೊಂಡಳು. ಯಲಬುರ್ಗಾ ಕಡೆಯ ಒಂದು ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು. ಎರಡು ವರ್ಷದ ಹಿಂದೆ ಕೆಟ್ಟ ಪ್ರಿಂಟರ್ ಒಂದನ್ನು ಸರಿ ಮಾಡಿದ್ದೇ ತಪ್ಪಾಯಿತು. ಅಂದಿನಿಂದ ಮಕ್ಕಳ ಹಾಜರಿ, ಬಿಸಿಯೂಟದ ಮಾಹಿತಿ, ಉಳಿದ ಮಾಸ್ತರರು ಮರೆತ ಪಾಸ್‌ವರ್ಡು... ಎಲ್ಲ ಅವಳ ತಲೆಗೆ. ಸಾಲದ್ದಕ್ಕೆ ಶಾಲೆಯ ಎಲ್ಲ ಆನ್‌ಲೈನ್ ಕೆಲಸಕ್ಕೂ ಅವಳದೇ ಮೊಬೈಲ್ ನಂಬರ್. ರಜೆಯಲ್ಲೂ ಒಟಿಪಿ ಕೇಳುವ ಫೋನು ತಪ್ಪದು. ಇದಕ್ಕೆ ಸಂಬಳವೂ ಇಲ್ಲ, ಒಂದು ಪಿರಿಯಡ್ ಬಿಡುವೂ ಇಲ್ಲ.

"ಹತ್ತನೇ ಕ್ಲಾಸಿನ ಹುಡುಗೂರಿಗೆ ಬೆಳಕಿನ ಪಾಠ ಮೂರು ಸಲ ಶುರು ಮಾಡೀನ್ರಿ. ಒಮ್ಮೆನೂ ಮುಗಿಸಾಕ ಬಿಟ್ಟಿಲ್ಲ."

ಗಾಳೇಶ ಕುಷ್ಟಗಿಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವನು. ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ ಕೇಳಿದ. ಅವಳಿಗೆ ಅದೇ ಹಿಡಿಸಿತು. ಮನೆಯವರಿಗೆ ಒಪ್ಪಿಗೆ ಹೇಳಿಬಿಟ್ಟಳು.

ಮೂರನೇ ದಿನ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರು ಎಲ್ಲರ ಮುಂದೆಯೇ ನಕ್ಕರು. ಲಗ್ನಕ್ಕೆ ಮೊದಲೇ ನಿಮ್ಮವರ ಹುಕುಂ ಶುರುವಾಯಿತಲ್ಲ ಟೀಚರೇ, ಶಾಲೆಯ ಕೆಲಸದಿಂದ ನಿಮ್ಮ ನಂಬರ್ ತೆಗೆಯಬೇಕು ಅಂತ ಗಾಳೇಶ ಅವರು ನನಗೇ ಫೋನ್ ಮಾಡಿದ್ದರು ಎಂದರು. ಉಳಿದವರು ಕಿಸಕ್ಕೆಂದರು.

ಹೇಮಾಳ ಮೈ ಉರಿದುಹೋಯಿತು. ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ? ಇಲ್ಲಿ ಹೆಡ್‌ಮಾಸ್ತರು, ಅಲ್ಲಿ ಇವನು... ನನ್ನ ಮಾತು ನಾನೇ ಆಡುವುದು ಯಾವಾಗ?

ಅಂದೇ ಸಂಬಂಧ ಬೇಡವೆಂದು ಹೇಳಿಕಳಿಸಿದಳು. ಹೇಳಿಕಳಿಸಿ, ಬಚ್ಚಲಿಗೆ ಹೋಗಿ ಅತ್ತಳು. ಅವನು ಅಷ್ಟು ಹಿಡಿಸಿದ್ದ.

ಮರುದಿನ ಊಟದ ಬಿಡುವಿನಲ್ಲಿ ಗಾಳೇಶ ಶಾಲೆಯ ಗೇಟಿನ ಹತ್ತಿರ ನಿಂತಿದ್ದ.

"ತಪ್ಪು ಮಾಡೀನ್ರಿ," ಎಂದ. "ಆಸ್ಪತ್ರ್ಯಾಗ ನನ್ನ ಮ್ಯಾಲೂ ಇದ ಹೊರಿ ಇತ್ತು. ಯಾರದೋ ಕಂಪ್ಯೂಟರ್ ಸರಿ ಮಾಡಾಕ ಹೋಗಿ, ಒಂದಿನ ಒಬ್ಬಾಕಿ ಬಸರಿ ಹೆಣ್ಮಗಳ ರಿಪೋರ್ಟ್ ತಡಾ ಮಾಡಿದ್ನಿ. ನಿಮ್ಮ ಮಾತು ಕೇಳಿ ಅದು ನೆನಪಾತು, ತಡ್ಕೊಳ್ಳಾಕ ಆಗ್ಲಿಲ್ಲ. ಆದ್ರ ನಿಮ್ಮನ್ನ ಕೇಳಬೇಕಿತ್ತು."

ಸಬೂಬಿಲ್ಲ, ಸುತ್ತಿ ಬಳಸಿದ ಮಾತಿಲ್ಲ. ತಪ್ಪನ್ನು ಇಷ್ಟು ನೇರವಾಗಿ ಒಪ್ಪುವ ಗಂಡಸನ್ನು ಹೇಮಾ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಈ ಕಥೆ ಹೇಳುತ್ತಿರುವ ನಾನು ಕಂಡದ್ದೂ ಕಡಿಮೆಯೇ.

"ಈಗ ಒಳಗ ಬಂದು ನೀವ ಮಾತಾಡ್ತೀರೇನು?" ಎಂದು ಪರೀಕ್ಷಿಸಿದಳು.

"ಇಲ್ರಿ. ಅದು ನಿಮ್ಮ ಮಾತು. ನಾ ಇಲ್ಲೇ ನಿಂತಿರ್ತೀನಿ."

ಹೇಮಾ ನೆಟ್ಟಗೆ ಒಳಗೆ ಹೋದಳು. ನೀವಿಲ್ಲದಿದ್ದರೆ ಶಾಲೆಯೇ ನಡೆಯುವುದಿಲ್ಲ ಎಂದು ಹೆಡ್‌ಮಾಸ್ತರು ಎಂದಿನಂತೆ ಹೊಗಳಿದರು. ಈ ಸಲ ಅವಳು ಕರಗಲಿಲ್ಲ. ಒಂದು ವಾರ ಎಲ್ಲರಿಗೂ ಕಲಿಸುತ್ತೇನೆ, ಶಾಲೆಗೆ ಬೇರೆ ಸಿಮ್ ತೆಗೆದುಕೊಳ್ಳಿ, ಆಮೇಲೆ ನನ್ನ ಪಿರಿಯಡ್ಡಿನಲ್ಲಿ ಯಾರೂ ಕರೆಯಬಾರದು ಎಂದು ನಿಂತಲ್ಲೇ ಅರ್ಜಿ ಬರೆದು ಮೇಜಿನ ಮೇಲಿಟ್ಟಳು. ಸಹಿ ಬೀಳುವವರೆಗೆ ಕದಲಲಿಲ್ಲ. ಎಂಥ ಹುಡುಗಿ, ನೋಡಿ!

ಹೊರಗೆ ಬಂದಾಗ ಗಾಳೇಶ ಸುಡುಬಿಸಿಲಲ್ಲಿ ಹಾಗೇ ನಿಂತಿದ್ದ. ಹತ್ತು ಹೆಜ್ಜೆ ಆಚೆ ಮರದ ನೆರಳಿತ್ತು. ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು.

"ನೀವು ನನ್ನ ಮನಸಿಗೆ ಬಂದೀರಿ," ಎಂದಳು. "ಬ್ಯಾಡ ಅಂದಿದ್ದು ಸಿಟ್ಟಿಗೆ. ನಿಮ್ಮ ಮನಿಗೆ ಬಂದು ನಾನ ಹೇಳ್ತೀನಿ."

"ಯಾವಾಗ ಬರ್ತೀರಿ?"

"ಐತವಾರ."

ಗಾಳೇಶ ‘ಕರಿಯಾಕ ನಾನ ಬರ್ತೀನಿ’ ಅನ್ನಹೋಗಿ ತಡೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ.

"ಬಸ್‌ಸ್ಟ್ಯಾಂಡಿಗೆ ಕರಿಯಾಕ ಬರ್ಲೇನ್ರಿ?"

ಕೇಳಿದನಲ್ಲ... ಹೇಮಾಳ ಕಣ್ಣು ಮತ್ತೆ ತುಂಬಿ ಬಂತು.

"ಬರ್ರಿ," ಎಂದಳು.