ನಾಲ್ಕು ಮೋಟಾರು, ಒಂದು ಪುಟ್ಟ ಚಾರ್ಜರ್

"ನಿನ್ನ ವೈರಿಂಗೇ ಲೂಸು," ಎಂದುಬಿಟ್ಟ ಪ್ರೊಫೆಸರ್.

ಪ್ರೊಫೆಸರ್ ಎಂದರೆ ಆರನೇ ಕ್ಲಾಸಿನ ಹುಡುಗ. ಆ ಹೆಸರನ್ನು ಬೇರೆ ಯಾರೂ ಇಟ್ಟಿರಲಿಲ್ಲ, ಅವನೇ ಇಟ್ಟುಕೊಂಡಿದ್ದ. ಮೇಜಿನ ಮೇಲೆ ಅವನೂ ಅವನ ಗೆಳತಿಯೂ ಸೇರಿ ಮಾಡಿದ ರೋಬೋಟ್ ಕೈ ಗಡಗಡ ನಡುಗುತ್ತಿತ್ತು. ಒಂದೇ ಮೋಟಾರು ತಿರುಗಿದರೆ ತೊಂದರೆಯಿಲ್ಲ. ನಾಲ್ಕೂ ಒಟ್ಟಿಗೆ ತಿರುಗಿದರೆ ಬೋರ್ಡಿನ ದೀಪ ಆರಿ, ಕೈ ಸುಸ್ತಾಗಿ ಮಲಗಿಬಿಡುತ್ತಿತ್ತು. ನಾಳೆಯೇ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್.

ವೈರುಗಳನ್ನೆಲ್ಲ ಜೋಡಿಸಿದ್ದ ಗೆಳತಿಯ ಮುಖ ಕೆಂಪಾಯಿತು. "ಹಾಗಾದ್ರೆ ನೀನೊಬ್ನೇ ಮಾಡ್ಕೋ," ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದಳು.

ನಿಜ ಹೇಳಬೇಕೆಂದರೆ, ಅವಳು ಮನೆಯಿಂದ ಒಂದು ದಪ್ಪ ಅಡಾಪ್ಟರ್ ತಂದಿದ್ದಳು. ಐದು ವೋಲ್ಟು, ಐದು ಆಂಪ್. ಅಷ್ಟು ಆಂಪ್ ಕೊಟ್ಟರೆ ಮೋಟಾರೆಲ್ಲ ಸುಟ್ಟು ಬೂದಿಯಾಗುತ್ತದೆ ಎಂದು ಪ್ರೊಫೆಸರ್ ಮಹಾಪಂಡಿತನಂತೆ ತಲೆಯಾಡಿಸಿ, ತನ್ನ ಹಳೇ ಫೋನ್ ಚಾರ್ಜರ್ ಸಿಕ್ಕಿಸಿದ್ದ. ಅದೂ ಐದು ವೋಲ್ಟೇ, ಆದರೆ ಅರ್ಧ ಆಂಪ್. ಪುಟ್ಟದು, ಬೆಳ್ಳಗಿದೆ, ನೋಡಲು ಚೆಂದ. ಆಂಪ್ ಎಂದರೇನು ಎಂದು ಯಾರಾದರೂ ಕೇಳಿದ್ದರೆ ಅವನಿಗೆ ಕೆಮ್ಮು ಬರುತ್ತಿತ್ತು.

ಈಗ ಅವನು ಒಂದೊಂದೇ ವೈರನ್ನು ಎಳೆದು ನೋಡಿದ. ಒಂದೂ ಜಗ್ಗಲಿಲ್ಲ. ಎಲ್ಲವೂ ಗಟ್ಟಿಯಾಗಿವೆಯಲ್ಲ ಎಂದು ಅವನಿಗೆ ಬೇಸರವೇ ಆಯಿತು.

ಕೊನೆಗೆ ಅಮ್ಮನನ್ನು ಕರೆದ. ಅಮ್ಮ ಲಿಫ್ಟ್ ರಿಪೇರಿ ಮಾಡುವವಳು. ಚಾರ್ಜರಿನ ಮೇಲಿನ ಸಣ್ಣ ಅಕ್ಷರ ಓದಿ ನಕ್ಕಳು. ವೋಲ್ಟು ಸರಿಯಾಗಿದೆ, ಆದರೆ ಆಂಪ್ ಕಡಿಮೆ, ನಾಲ್ಕು ಮೋಟಾರಿಗೆ ಸಾಲುವಷ್ಟು ಕರೆಂಟು ಕೊಡುವ ತಾಕತ್ತು ಇದಕ್ಕಿಲ್ಲ ಎಂದಳು. ಐದು ಆಂಪ್ ಆದರೆ ಸುಡುವುದಿಲ್ಲವೇ ಎಂದು ಅವನು ಕೇಳಿದ.

"ಕೊಡದ ತುಂಬ ನೀರಿದೆ ಅಂತ ನೀನು ಅಷ್ಟೂ ಕುಡೀತೀಯೇನೋ? ಮೋಟಾರೂ ಹಾಗೇ. ತನಗೆ ಬೇಕಾದಷ್ಟೇ ತಗೊಳ್ಳುತ್ತೆ."

ಪ್ರೊಫೆಸರನ ಕಿವಿ ಬಿಸಿಯಾಯಿತು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇವನು ವೈರು ಲೂಸು ಎಂದಿದ್ದ.

ಗೆಳತಿಯ ಮನೆಯವರೆಗೂ ಅವನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಹೋದ. ಬಾಗಿಲು ತೆರೆದಾಗ ಎಲ್ಲ ಮರೆತುಹೋಯಿತು.

"ವೈರಿಂಗ್ ಸರಿಯಾಗಿದೆ. ತಪ್ಪು ನಂದು," ಎಂದಷ್ಟೇ ಹೇಳಿದ.

ಅವಳು ನಗಲಿಲ್ಲ. ಆದರೆ ಚಪ್ಪಲಿ ಹಾಕಿಕೊಂಡಳು.

ಮರುದಿನ ಕೈ ನಡುಗದೆ ಚಾಕ್‌ಪೀಸ್ ಎತ್ತಿತು. ಟೀಚರ್ ಬಗ್ಗಿ ನೋಡಿ, ಇಷ್ಟು ಸಣ್ಣ ಕೈಗೆ ಇಷ್ಟು ದೊಡ್ಡ ಅಡಾಪ್ಟರ್ ಯಾಕೆ ಎಂದು ಕೇಳಿದರು. ಪ್ರೊಫೆಸರ್ ಬಾಯಿ ತೆರೆದ. ಆಮೇಲೆ ಕಷ್ಟಪಟ್ಟು ಮುಚ್ಚಿಕೊಂಡು ಗೆಳತಿಯ ಕಡೆ ನೋಡಿದ.

ಅವಳು ಚೆನ್ನಾಗಿಯೇ ವಿವರಿಸಿದಳು. ಅವನಿಗೆ ಗೊತ್ತಿರದ ಒಂದೆರಡು ಮಾತನ್ನೂ ಸೇರಿಸಿದಳು. ಟೀಚರ್ ಮುಂದಿನ ಮೇಜಿಗೆ ಹೋದ ಮೇಲೆ ಅವನು ಮೆಲ್ಲಗೆ ಅವಳ ಹತ್ತಿರ ಸರಿದ.

"ಕೊನೇಲಿ ಹೇಳಿದ್ಯಲ್ಲ, ಅದನ್ನ ನಂಗೆ ಇನ್ನೊಂದ್ಸಲ ಹೇಳ್ತೀಯಾ?"