ಅವನ ತೋಳಿನ ಮೇಲೆ ಮಾತ್ರ ಅರಳಿದ ಪರಿಮಳ

"ಕೈಗೆ ಏನ್ ಹಚ್ಕೊಂಡು ಬಂದೀರಿ? ಖರೇ ಹೇಳ್ರಿ!"

ಶಿವಕುಮಾರಿ ಸಹೋದ್ಯೋಗಿ ಗುರುಪಾದನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಮುಂಬೈ ಅಂಧೇರಿಯ ಆ ಸೆಂಟು ಕಂಪನಿಯ ಲ್ಯಾಬಿನಲ್ಲಿ ಎಲ್ಲರ ಕೆಲಸವೂ ನಿಂತುಹೋಯಿತು.

"ಏನೂ ಹಚ್ಚಿಲ್ರಿ..."

"ಸುಳ್ಳು!"

ಅವನ ತೋಳಿನ ಮೇಲಿದ್ದದ್ದು ಗಂಡಸರಿಗಾಗಿ ಅವಳು ತಯಾರಿಸಿದ ಮೊದಲ ಸೆಂಟು. ಲವಂಗ, ದಾಲ್ಚಿನ್ನಿ, ಏಲಕ್ಕಿ, ಅಡಿಯಲ್ಲಿ ಬೆಚ್ಚನೆಯ ರಾಳ. ಮಸೀದಿ ಬಂದರಿನ ಮಸಾಲೆ ಅಂಗಡಿಯಲ್ಲಿ ದುಡಿಯುತ್ತಿದ್ದ ಅಪ್ಪ ಗದಿಗೆಪ್ಪನ ಮೈಯ ವಾಸನೆ. ಅಪ್ಪ ಶಿವೈಕ್ಯನಾದ ಮೇಲೆ ಅವಳು ಈ ಕೆಲಸಕ್ಕೆ ಕೂತಿದ್ದಳು. ಎಷ್ಟು ತಿದ್ದಿದರೂ ಏನೋ ಒಂದು ಕಡಿಮೆ... ಕಾಗದದ ಪಟ್ಟಿಯ ಮೇಲೆ ಮೂಸಿದಾಗಲೆಲ್ಲ "ಇದು ಮಸಾಲೆ ಚಹಾ" ಎಂದು ಮಾಲೀಕ ಧನರಾಜ್ ನಗುತ್ತಿದ್ದ.

ಇಂದು ಮೈಮೇಲೆ ಹಚ್ಚಿ ನೋಡುವ ಪರೀಕ್ಷೆ. ಎಂದೂ ಮುಂದೆ ಬಾರದ ಗುರುಪಾದ ತಾನಾಗಿ ತೋಳು ಚಾಚಿದ್ದ. ಮೂಸಿದ ಧನರಾಜ್ ಕುಣಿದಾಡಿಬಿಟ್ಟ.

"ಅರೇ ವಾಹ್! ಯಹೀ ಚಾಹಿಯೇ ಥಾ, ಇದೇ ಬೇಕಾಗಿತ್ತು! ಗುರುಪಾದ್, ಏನು ಸೇರಿಸಿದೆ ಮಾರಾಯಾ? ಸೋಮವಾರ ಕೊಳ್ಳೋ ಪಾರ್ಟಿ ಮುಂದೆ ನೀನೇ ತೋರ್ಸು. ನಿನ್ನ ಹೆಸರಲ್ಲೇ ಹೋಗ್ಲಿ!"

"ಸರ್, ಇದು ಅವರ ಸೆಂಟು..." ಎಂದ ಗುರುಪಾದನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಶಿವಕುಮಾರಿಯೂ ಮೂಸಿದಳು. ಅವಳಿಗೆ ಸಿಗದೇ ಹೋದದ್ದು ಅಲ್ಲಿತ್ತು!

'ನಾನು ಅತ್ತು ಅತ್ತು ಹುಡುಕಿದ್ದನ್ನು ಇವನು ಕದ್ದು ಬೆರೆಸಿದನೇ? ಇಂಥವನನ್ನೇ ನಾನು ನಂಬಿದ್ದೆನೇ?'

ಅವನ ತೋಳನ್ನು ಕೊಡವಿ ಹೊರಟುಹೋದಳು.

ಮರುದಿನ ಭಾನುವಾರ. ಆಂಟಾಪ್ ಹಿಲ್‌ನಿಂದ ಬಸ್ಸು ಹಿಡಿದು ಚೆಂಬೂರಿನ ಅವನ ಮನೆಗೇ ಬಂದಳು, ಬೈಯುವುದಕ್ಕೆಂದೇ. ಬಾಗಿಲು ತೆರೆದವರು ಅವನ ತಾಯಿ ಸುಂದ್ರವ್ವ.

"ಬಾ ಯವ್ವಾ. ಮಾರಿ ಯಾಕ ಕೆಂಪಾಗೇತಿ? ಬಿಸಲಿಗೋ, ಸಿಟ್ಟಿಗೋ?"

"ನಿಮ್ಮ ಮಗಾ ಕಳ್ಳ ಅದಾರ್ರೀ!"

"ಅಂವಾ? ಸಣ್ಣಾಂವಿದ್ದಾಗ ಬೆಲ್ಲ ಕದೀತಿದ್ದ. ಈಗ ಅಷ್ಟು ಧೈರ್ಯನೂ ಉಳದಿಲ್ಲ. ಕುಂದ್ರು, ಪೂಜಿ ಮುಗಿಸಿ ಬರ್ತಾನ."

ಗುರುಪಾದ ಹೊರಬಂದ. ಹಣೆಯ ಮೇಲೆ, ಬರಿಯ ತೋಳುಗಳ ಮೇಲೆ ಆಗತಾನೇ ಎಳೆದ ವಿಭೂತಿಯ ಪಟ್ಟೆಗಳು. ಒಣ ಬೂದಿಯ ಆ ತೆಳುವಾದ ವಾಸನೆ...

ಅಪ್ಪ!

ಶಿವಕುಮಾರಿ ಗೋಡೆ ಹಿಡಿದುಕೊಂಡಳು. ಅಪ್ಪ ಹೋದ ಸಿಟ್ಟಿಗೆ ಅವಳು ಶಿವನ ಕಡೆ ತಿರುಗಿಯೂ ನೋಡಿರಲಿಲ್ಲ. ಅಂದಿನಿಂದ ಮನೆಯಲ್ಲಿ ವಿಭೂತಿಯನ್ನು ಮುಟ್ಟಿದವರಿಲ್ಲ. ಅಪ್ಪನ ಹಣೆಯ ಮೇಲೆ ದಿನವೂ ಕಣ್ಣೆದುರಿಗಿದ್ದದ್ದು ಅವಳಿಗೇ ಮರೆತುಹೋಗಿತ್ತು.

"ಏನೂ ಹಚ್ಚಿಲ್ಲ ಅಂದ್ರಲ್ರೀ ನಿನ್ನೆ!"

"ಇದನ್ನೂ ನೀವು ಸೆಂಟಿನ ಲೆಕ್ಕಕ್ಕ ಹಿಡೀತೀರಂತ ನನಗೇನ್ ಗೊತ್ರೀ? ಹುಟ್ಟಿದಾಗಿಂದ ಮೈಮ್ಯಾಲೆ ಐತಿ. ಲೋಕಲ್‌ನ್ಯಾಗ ಬೆವರಿಗೆ ಅಳಿಸಿಹೋಗಿರತೈತಿ ಅಂದ್ಕೊಂಡಿದ್ದೆ."

ಅವನು ಕೂಡಲೇ ಧನರಾಜ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿ ನಡೆದದ್ದನ್ನು ಹೇಳಿದ.

"ತೋ ರಾಖ್ ಡಾಲೋ, ಬೂದಿನೇ ಹಾಕಿ!" ಧನರಾಜ್ ಹಿಗ್ಗಿದ. "ಪವಿತ್ರ ಭಸ್ಮ ಅಂತ ಲೇಬಲ್ ಹಾಕುವ. ಬಿಸಿ ದೋಸೆ ಥರ ಖಾಲಿಯಾಗ್ತದೆ!"

ಶಿವಕುಮಾರಿ ಫೋನ್ ಕಸಿದುಕೊಂಡಳು.

"ಸರ್, ನಮ್ಮಪ್ಪನ ಹಣಿಮ್ಯಾಗಿಂದು ಬಾಟ್ಲಿಗೆ ತುಂಬಿ ಮಾರೂದಕ್ಕಲ್ಲ! ಏನ್ ಕಡಿಮಿ ಇತ್ತು ಅಂತ ಈಗ ಗೊತ್ತಾತು. ಒಣ ದೇವದಾರು, ಒಂಚೂರು ಹೊಗಿ... ಬೂದಿ ಇಲ್ದ ಆ ವಾಸನಿ ನಾನ ಕೂಡಿಸ್ತೀನಿ. ಆಗಲ್ಲಂದ್ರ ಇವತ್ತ ರಾಜೀನಾಮೆ ತಗೋರಿ!"

ಆ ಕಡೆ ಧನರಾಜ್ ಡೈರಿ ತಿರುವಿದ ಸದ್ದು ಕೇಳಿತು.

"ಕೂಗ್ಬೇಡ ಮಾರಾಯ್ತಿ... ಪಾರ್ಟಿ ಹತ್ರ ಒಂದು ವಾರ ಟೈಮ್ ಕೇಳ್ತೇನೆ. ನೀನೇ ತೋರ್ಸು. ನಿನ್ನ ಹೆಸರಲ್ಲೇ."

ಅವಳು ಫೋನ್ ಕೆಳಗಿಟ್ಟಳು. ಸುಂದ್ರವ್ವ ಚಹಾದ ನೆಪ ಹೇಳಿ ಒಳಗೆ ಹೋದರು.

"ಕಳ್ಳ ಅಂದ್ಬಿಟ್ಟೆ... ನೀವರೆ ಒಂದ್ಸಲ ಜೋರಾಗಿ ಬೈಬಾರ್ದೇನ್ರೀ?"

"ಬೈಯಾಕ ಬಾಯಿ ಬರಲಿಲ್ರಿ. ನೀವು ತೋಳು ಹಿಡಿದಿದ್ರಿ... ಬಿಟ್ಟರ ಸಾಕು ಅನ್ನಿಸಲೇ ಇಲ್ಲ."

ಅವಳ ಮುಖ ಮತ್ತೆ ಕೆಂಪಾಯಿತು. ಈ ಸಲ ಸಿಟ್ಟಿಗಲ್ಲ.

"ಇನ್ನ ಮ್ಯಾಲೆ ಪರೀಕ್ಷೆಗೆ ನಿಮ್ಮ ಕೈ ಬ್ಯಾಡ."

ಅವನ ಮುಖ ಬಾಡಿತು. "ಮತ್ತ... ಬ್ಯಾರೆ ಯಾತಕ್ಕರೆ ಬೇಕೇನ್ರೀ?"

ಶಿವಕುಮಾರಿ ಕಣ್ಣೊರೆಸಿಕೊಂಡು ತನ್ನ ಹಣೆಯನ್ನು ಮುಂದೆ ಮಾಡಿದಳು.

"ಮೊದಲ ಇಲ್ಲಿ ವಿಭೂತಿ ಹಚ್ಚರಿ. ಆಮ್ಯಾಲೆ ನಮ್ಮವ್ವನ ಕಡೆ ನನ್ನ ಕೈ ಕೇಳಾಕ ಬರ್ರಿ."