ಹುಳದ ಮನೆಯಿಂದ ಎದ್ದು ಹೋದವನು

ಕೋದಂಡರಾಮ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಎದ್ದೇ ಹೋಗಿಬಿಟ್ಟ.

ಆದಿಲಕ್ಷ್ಮಿ ಕಾಫಿ ಲೋಟ ಹಿಡಿದು ನಡುಮನೆಯಲ್ಲೇ ನಿಂತಿದ್ದಳು. ಹೆಣ್ಣು ನೋಡಲು ಬಂದವನು ಒಂದೇ ಒಂದು ಸಲ ಅವಳ ಮುಖ ನೋಡಿದ್ದ... ಆ ನೋಟಕ್ಕೆ ಅವಳ ಎದೆ ಝಲ್ಲೆಂದಿತ್ತು. ಮರುಗಳಿಗೆಯಲ್ಲೇ ಅವನು ಅಂಗಳ ದಾಟಿದ್ದ.

ಅದು ಎಂಬತ್ತಮೂರನೇ ಇಸವಿ. ಮಾಲೂರು ತಾಲ್ಲೂಕಿನ ಲಕ್ಕೂರು. ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ಹುಳದ ಬೆಳೆ ಬಂತೆಂದರೆ ಮನುಷ್ಯರೇ ಮೂಲೆ ಹಿಡಿಯಬೇಕು. ನೆಂಟರು ಬಂದರೂ ಹುಳದ ತಟ್ಟೆಗಳ ಪಕ್ಕದಲ್ಲೇ ಅವರಿಗೆ ಚಾಪೆ. ಕೋದಂಡರಾಮನೂ ಅಲ್ಲೇ, ಭುಜ ಏರಿಳಿಸುತ್ತ ಕೂತಿದ್ದ.

"ಮೇಷ್ಟ್ರ ಕೆಲಸ ಸಿಕ್ಕಿದ್ದಕ್ಕೆ ಇಷ್ಟು ಕೊಬ್ಬು. ನಮ್ಮನೆ ವಾಸ್ನೆ ಆಗಲಿಲ್ಲ ಕಣೇ ಅವನಿಗೆ" ಎಂದು ತಾಯಿ ಶ್ಯಾಮಲಮ್ಮ ಗೊಣಗಿದರು.

ಆ ಸಂಜೆ ಆದಿಲಕ್ಷ್ಮಿ ಎರಡೆರಡು ಸಲ ಸೋಪು ಹಾಕಿ ಸ್ನಾನ ಮಾಡಿದಳು. ತನ್ನ ಕೈಯನ್ನು ತಾನೇ ಮೂಸಿ ನೋಡಿಕೊಂಡಳು. ಅಳು ಉಕ್ಕಿ ಬಂತು. ಊರಿನಲ್ಲಿ ಅವಳಷ್ಟು ಚೆನ್ನಾಗಿ ಹುಳ ಸಾಕುವವರಿರಲಿಲ್ಲ. ಈಗ ಅದೇ ಕೆಲಸಕ್ಕೆ ನಾಚಿಕೆಪಡುವಂತಾಗಿತ್ತು.

ವಾರ ಕಳೆಯಿತು. ಶುಕ್ರವಾರ ಮುಳಬಾಗಿಲಿನ ಕಡೆಯವರು ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು. ಅವರು ಒಪ್ಪಿದರೆ ನೀನೂ ಒಪ್ಪಿಬಿಡು ಎಂದರು ತಾಯಿ. ಅವಳು ಹೂಂ ಎಂದಳು.

ಬುಧವಾರ ಬೆಳಿಗ್ಗೆ ಅಣ್ಣನ ಮಗಳು, ನಾಲ್ಕು ವರ್ಷದ ಭಾರತಿ, ಉಸಿರಾಡಲು ಒದ್ದಾಡತೊಡಗಿದಳು. ಶೀತವೆಂದು ಮನೆಯವರು ಆಗಲೇ ಮೊಸರು, ಬಾಳೆಹಣ್ಣು ಕೊಡುವುದನ್ನು ನಿಲ್ಲಿಸಿದ್ದರು. ಆದಿಲಕ್ಷ್ಮಿ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಸೀರೆಯಲ್ಲೇ ಮಗುವನ್ನೆತ್ತಿಕೊಂಡು ಮಾಲೂರಿನ ಬಸ್ಸು ಹತ್ತಿದಳು.

ಆಸ್ಪತ್ರೆಯ ಲೇಡಿ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಮಗುವಿನ ಉಸಿರು ತಿಳಿಯಾದ ಮೇಲೆ ಕೇಳಿದರು.

"ಇದು ಶೀತ ಅಲ್ಲಮ್ಮ, ಉಬ್ಬಸ. ಮಗು ಮಲಗೋದೆಲ್ಲಿ?"

"ಹುಳದ ತಟ್ಟೆ ಪಕ್ಕದಲ್ಲೇ."

"ಬೆಳೆ ಇಲ್ಲದಾಗಲೂ ಹೀಗಾಗುತ್ತಾ?"

ಆದಿಲಕ್ಷ್ಮಿ ಯೋಚಿಸಿದಳು. ಒಮ್ಮೆಯೂ ಆಗಿರಲಿಲ್ಲ.

"ಹುಳದ ಧೂಳು ಕೆಲವರಿಗೆ ಆಗೋದಿಲ್ಲ. ದೊಡ್ಡೋರಿಗೂ ಅಷ್ಟೆ. ಮಗೂನ ಬೇರೆ ಕಡೆ ಮಲಗಿಸಿ, ತಟ್ಟೆ ಕಸ ತೆಗೆಯುವಾಗ ಹತ್ತಿರ ಬಿಡಬೇಡಿ. ಮೇಲಾಯ್ತು ಅಂತ ಔಷಧಿ ಮಧ್ಯದಲ್ಲಿ ನಿಲ್ಲಿಸಬೇಡಿ. ತುಟಿ ನೀಲಿ ಆದ್ರೆ ತಕ್ಷಣ ಕರ್ಕೊಂಡು ಬನ್ನಿ."

"ಇದು ಅಂಟುತ್ತಾ ಡಾಕ್ಟ್ರೇ?"

"ಇಲ್ಲ."

ದೊಡ್ಡೋರಿಗೂ ಅಷ್ಟೆ... ಅಂದು ಚಾಪೆಯ ಮೇಲೆ ಏರಿಳಿಯುತ್ತಿದ್ದ ಕೋದಂಡರಾಮನ ಭುಜಗಳು ಅವಳ ಕಣ್ಣಿಗೆ ಕಟ್ಟಿದವು. ಅವನ ಶಾಲೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇತ್ತು. ಮರ್ಯಾದೆಯ ಚಿಂತೆ ಬಿಟ್ಟು ಭಾರತಿಯ ಕೈ ಹಿಡಿದು ನಡೆದಳು.

ಗೇಟಿಗೆ ಬಂದ ಕೋದಂಡರಾಮ ಅವಳನ್ನು ಕಂಡು ತಬ್ಬಿಬ್ಬಾದ.

"ನಿಮಗೆ ಉಬ್ಬಸ ಇದೆಯಾ?" ಅವಳು ನೇರವಾಗಿ ಕೇಳಿದಳು.

ಅವನ ಮುಖ ಬಾಡಿತು. "ಹೂಂ. ಚಿಕ್ಕಂದಿನಿಂದ. ಹೇಳಿದ್ರೆ ಯಾರೂ ಹೆಣ್ಣು ಕೊಡಲ್ಲ ಅಂತ ಅಪ್ಪ ಬಾಯಿ ಮುಚ್ಚಿಸಿದ್ರು. ನಿಮ್ಮನೇಲಿ ಉಸಿರೇ ಸಿಗಲಿಲ್ಲ."

"ನಾನು ನಾರ್ತೀನಿ ಅಂತ ಊರೆಲ್ಲ ಆಡ್ಕೊಂಡ್ರು."

"ತಪ್ಪಾಯ್ತು ಆದಿಲಕ್ಷ್ಮಿ. ನೀವು ಅವತ್ತೇ ಮನಸ್ಸಿಗೆ ಹಿಡಿಸಿದ್ರಿ. ಆದ್ರೆ ಹುಳ ಬಿಟ್ಟು ಬನ್ನಿ ಅಂತ ಯಾವ ಬಾಯಲ್ಲಿ ಕೇಳಲಿ?"

"ಬಿಡಲ್ಲ. ಬೆಳೆ ಬಂದಾಗ ತವರಿಗೆ ಹೋಗ್ತೀನಿ. ತಲೆಗೆ ನೀರು ಹಾಕ್ಕೊಂಡು, ಬೇರೆ ಸೀರೆ ಉಟ್ಕೊಂಡು ವಾಪಸ್ ಬರ್ತೀನಿ. ಆದ್ರೆ ನಾಡಿದ್ದು ನನ್ನ ನೋಡೋಕೆ ಬೇರೆಯವರು ಬರ್ತಿದ್ದಾರೆ. ನೀವು ಹೀಗೇ ಮುಚ್ಚಿಡೋರಾದ್ರೆ ಅವರನ್ನೇ ಒಪ್ಕೊಳ್ತೀನಿ."

ಅವನು ಗೇಟಿನ ಸರಳು ಹಿಡಿದುಕೊಂಡ. ಭುಜಗಳು ಮೆಲ್ಲಗೆ ಏರಿಳಿಯತೊಡಗಿದ್ದವು.

"ಈಗ ಉಸಿರು ಹೇಗಿದೆ?"

ಇಷ್ಟು ವರ್ಷ ಯಾರು ಕೇಳಿದರೂ ಚೆನ್ನಾಗಿದೆ ಎಂದೇ ಹೇಳಿಕೊಂಡು ಬಂದವನು ಅವನು.

"ಬಿಗೀತಾ ಇದೆ... ನಿಮ್ಮ ಸೀರೆಯಿಂದಾನೇ ಅನ್ಸುತ್ತೆ."

ಆದಿಲಕ್ಷ್ಮಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಇಷ್ಟು ದೂರ ಸಾಕಾ?"

"ಇನ್ನೊಂದು ಸ್ವಲ್ಪ" ಎಂದ ಅವನು, ಸಂಕೋಚದಿಂದ.

ಅವಳು ಇನ್ನೆರಡು ಹೆಜ್ಜೆ ಸರಿದು ನಿಂತಳು.

"ಹಾಗಾದ್ರೆ ನಾಡಿದ್ದು ಬರೋರಿಗೆ ಬೇಡ ಅಂತ ಹೇಳಿಸ್ತೀನಿ" ಎಂದಳು.